ತೂಕದ ಪಾಸ್‌ಬುಕ್

ಮೂವತ್ತು ವರ್ಷ ಪುಣೆಯ ನೀರು ಕುಡಿದರೂ ಪ್ಯಾಂಟಿನ ಅಳತೆ ಬದಲಾಗಲಿಲ್ಲ ಅಂತ ನನಗೊಂದು ಜಂಬವಿತ್ತು. 1991ರಲ್ಲಿ ವರ್ಗವಾಗಿ ಮೈಸೂರಿನಿಂದ ಇಲ್ಲಿಗೆ ಬಂದಾಗ 58 ಕಿಲೋ, 2020ರಲ್ಲಿ ನಿವೃತ್ತನಾದಾಗ 61. ಎತ್ತರ 166 ಸೆಂಟಿಮೀಟರ್. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಿಗುವ ಬಿಎಂಐ ನನಗೆ 22 ಚಿಲ್ಲರೆ. ಏಷ್ಯಾದವರು 23 ಮುಟ್ಟಿದರೇ ಎಚ್ಚರವಾಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಹೇಳಿದ್ದಾರೆ. ಆ ಪರೀಕ್ಷೆಯಲ್ಲೂ ನಾನು ಪಾಸು.

2023ರಲ್ಲಿ ನಮ್ಮ ಕಡೆ ಅರವತ್ತು ದಾಟಿದವರ ಮೈಯಳತೆಯ ಅಧ್ಯಯನವೊಂದು ನಡೆಯಿತು. ಹೊತ್ತು ಹೋಗಲಿ ಅಂತ ಹೋದೆ. ಮೊಮ್ಮಗಳ ವಯಸ್ಸಿನ ಹುಡುಗಿ ಚಪ್ಪಲಿ ಬಿಡಿಸಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿ, "ಕಾಕಾ, ನೆಟ್ಟಗೆ ಮುಂದೆ ನೋಡಿ" ಎಂದಳು. ಸೊಂಟಕ್ಕೆ ಟೇಪು ಸುತ್ತಿದಳು. ತೋಳಿನ ಹಿಂದೆ, ಹೆಗಲಮೂಳೆಯ ಕೆಳಗೆ ಚರ್ಮವನ್ನು ಚಿವುಟಿ ಹಿಡಿದು ಕ್ಯಾಲಿಪರ್ ಇಟ್ಟು ಓದಿಕೊಂಡಳು. ಕೊನೆಗೆ ಡೆಕ್ಸಾ ಎನ್ನುವ ಯಂತ್ರದ ಮೇಲೆ ಮಲಗಿಸಿದರು. ಅದು ಎರಡು ಬಗೆಯ ಎಕ್ಸ್‌ರೇ ಹಾಯಿಸಿ ಮೂಳೆ, ಕೊಬ್ಬು, ಉಳಿದ ಮಾಂಸವನ್ನೆಲ್ಲ ಬೇರೆ ಬೇರೆ ಲೆಕ್ಕ ಹಾಕುತ್ತದೆ. ನನ್ನ ಲೆಕ್ಕ ಬಂತು: 61ರಲ್ಲಿ ಕೊಬ್ಬೇ ಹದಿನೆಂಟು ಕಿಲೋ, ನೂರಕ್ಕೆ 30. ಜಂಬ ಅಲ್ಲೇ ಇಳಿಯಿತು.

ಪುಣೆಯವರಿಗೆ ಇದು ಹೊಸದಲ್ಲ. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮನ್ನೇ ಪಕ್ಕ ಪಕ್ಕ ಇಟ್ಟು ತೋರಿಸಿದ್ದರು. ಇಬ್ಬರ ಬಿಎಂಐಯೂ 22.3. ಕೊಬ್ಬು ಮಾತ್ರ ಯುಡ್ಕಿನ್ನರಿಗೆ 9.1 ಪರ್ಸೆಂಟ್, ಯಾಜ್ಞಿಕರಿಗೆ 21.2. ಬ್ಯಾಂಕಿನವನಿಗೆ ಇದು ಬೇಗ ಅರ್ಥವಾಗುತ್ತದೆ. ಎರಡು ಬ್ರಾಂಚಿನ ಡಿಪಾಸಿಟ್ ಒಂದೇ ಇರಬಹುದು; ಒಂದರದ್ದು ಸಾವಿರಾರು ಜನರ ಉಳಿತಾಯ ಖಾತೆ, ಇನ್ನೊಂದರದ್ದು ಮಾರ್ಚ್ ಕೊನೆಗೆ ಕಾಲು ಹಿಡಿದು ತಂದ ನಾಲ್ಕು ದೊಡ್ಡ ಮೊತ್ತ. ಒಟ್ಟು ಮೊತ್ತ ನೋಡಿದವನಿಗೆ ಏನೂ ತಿಳಿಯುವುದಿಲ್ಲ.

ಆದರೆ ಆ ದಿನದಿಂದ ನನ್ನನ್ನು ಕಾಡುತ್ತಿರುವುದು ನನ್ನ ಕೊಬ್ಬಲ್ಲ. ಡೆಕ್ಸಾ ಕೋಣೆಯ ಸರತಿಯಲ್ಲಿ ನನ್ನ ಮುಂದೆ ಒಬ್ಬಾಕೆ ಇದ್ದಳು. ಮೂರು ಮನೆಯಲ್ಲಿ ಪಾತ್ರೆ ತೊಳೆಯುವವಳು. ಮೈಮೇಲೆ ಲೋಹ ಇರಬಾರದು, ಮಂಗಳಸೂತ್ರ ತೆಗೀಬೇಕು ಮಾವ್‌ಶಿ ಅಂತ ಹುಡುಗಿ ಹೇಳಿದಳು. ಆಕೆ ಸರ ಹಿಡಿದುಕೊಂಡೇ ಕೇಳಿದಳು: "ಹ್ಯಾಚಾ ಮಲಾ ಕಾಯ್ ಉಪಯೋಗ್?" ಇದರಿಂದ ನನಗೇನು ಉಪಯೋಗ ಅಂತ.

ಹುಡುಗಿ ಸುಳ್ಳು ಹೇಳಲಿಲ್ಲ. "ಮುಂದೆ ಎಲ್ಲರಿಗೂ ಉಪಯೋಗ ಆಗುತ್ತೆ" ಎಂದಳು. ಎಲ್ಲರಿಗೂ ಅಂದರೆ ಆಕೆಗೆ ಅಂತಲ್ಲ ತಾನೆ? ಈ ಬಿಎಂಐ ಲೆಕ್ಕವಾದರೂ ಗುಂಪಿನದೇ. ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ಕಂಡುಕೊಂಡ ಬೆಲ್ಜಿಯಂನ ಕೆಟ್ಲೆ ವೈದ್ಯನಲ್ಲ, ಖಗೋಳಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರದವನು. ಸರಾಸರಿ ಮನುಷ್ಯನನ್ನು ಹುಡುಕುತ್ತಿದ್ದವನು. ಸರಾಸರಿ ಮನುಷ್ಯ ಮಂಗಳಸೂತ್ರ ತೆಗೆಯುವ ಪ್ರಸಂಗ ಇಲ್ಲ.

ನಾನು ಸಹಿ ಹಾಕಿದ ಫಾರಂ ನಾಲ್ಕು ಪುಟ ಇತ್ತು. ಪೂರ್ತಿ ಓದಿದೆ, ಅಭ್ಯಾಸಬಲ. ಕೇಳಿದವರಿಗೆ ಮಾತ್ರ ರಿಪೋರ್ಟ್ ಕೊಡಲಾಗುವುದು ಎಂದು ಮೂರನೇ ಪುಟದಲ್ಲಿತ್ತು. ನಾನು ಕೇಳಿದೆ, ಕೊಟ್ಟರು. ಆಕೆಗೆ ಓದಲು ಬರುವುದಿಲ್ಲ, ಹೆಬ್ಬೆಟ್ಟು ಒತ್ತಿದ್ದಳು. ಯಾರೋ ಓದಿ ಹೇಳಿರಬೇಕು. ಮೂರನೇ ಪುಟದ ಹೊತ್ತಿಗೆ ಯಾರ ಗಮನ ಎಲ್ಲಿರುತ್ತೋ! ಅವರನ್ನು ಅನ್ನುವ ಬಾಯಿ ನನಗಿಲ್ಲ. ಮೂವತ್ತಾರು ವರ್ಷ ಸಾಲದ ಕಾಗದದ ಮೇಲೆ "ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಮಾಡಿ" ಅಂತ ಬೆರಳು ತೋರಿಸಿದವನು ನಾನು. ಓದಿ ಅಂತ ಎಷ್ಟು ಜನಕ್ಕೆ ಹೇಳಿದ್ದೇನೆ? ಲೆಕ್ಕ ಹಾಕಲು ಹೋಗಿಲ್ಲ.

ಹಾಗಂತ ಅಳೆಯುವುದೇ ತಪ್ಪು ಎನ್ನಲು ಮನಸ್ಸು ಒಪ್ಪುವುದಿಲ್ಲ. ನಮ್ಮ ಅಕ್ಕ ಹುಟ್ಟಿದ್ದು 1950ರಲ್ಲಿ, ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ, ಅಂದರೆ ನೀವು ಬಲ್ಲ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ. 1934ರಿಂದಲೂ ಅಲ್ಲಿನ ಸೂಲಗಿತ್ತಿ ನರ್ಸುಗಳು ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಅರ್ಧ ಶತಮಾನದ ಮೇಲೆ ಸಂಶೋಧಕರು ಆ ಪುಸ್ತಕ ಹಿಡಿದು, ಅಲ್ಲಿ 1934ರಿಂದ 54ರವರೆಗೆ ಹುಟ್ಟಿದ 517 ಜನರನ್ನು ಪತ್ತೆ ಮಾಡಿ ಪರೀಕ್ಷಿಸಿದರು. 1996ರಲ್ಲಿ ಫಲಿತಾಂಶ ಅಚ್ಚಾಯಿತು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಕಮ್ಮಿ ಇದ್ದವರಲ್ಲಿ ಹೃದಯದ ಕಾಯಿಲೆ ನೂರಕ್ಕೆ 11, ಮೂರು ಕಿಲೋ ದಾಟಿದವರಲ್ಲಿ 3. ಅಕ್ಕನ ಮನೆಗೂ ಬಂದಿದ್ದರು. "ನಾನು ಐದು ಪೌಂಡ್ ಇದ್ದೆನಂತೆ ಕಣೋ, ಇನ್ನೂ ಬರೆದಿಟ್ಟಿದಾರೆ!" ಅಂತ ಎಸ್‌ಟಿಡಿ ಮಾಡಿ ಹೇಳಿದಳು. ಅವಳಿಗೆ ಅದೊಂದು ಸಂಭ್ರಮ. ಆಗ ತೆಗೆದ ಇಸಿಜಿ ಹಿಡಿದುಕೊಂಡು ಮೊದಲ ಸಲ ಡಾಕ್ಟರ ಬಳಿ ಹೋದಳು, ಆಮೇಲೆ ಇಪ್ಪತ್ತು ವರ್ಷ ಬದುಕಿದಳು. ಅದರಿಂದಲೇ ಬದುಕಿದಳು ಅಂತ ಹೇಳಲಾರೆ. ಅವಳ ಲೆಕ್ಕ ಅವಳ ಕೈಗೆ ಬಂತು, ಅಷ್ಟಂತೂ ನಿಜ.

ಬ್ಯಾಂಕಿನಲ್ಲಿ ಒಬ್ಬರ ದುಡ್ಡು ಇನ್ನೊಬ್ಬರಿಗೆ ಸಾಲವಾಗಿ ಹೋಗುತ್ತದೆ, ಅದರಲ್ಲಿ ಅನ್ಯಾಯ ಇಲ್ಲ. ಆದರೆ ದುಡ್ಡಿಟ್ಟವನ ಕೈಗೆ ಪಾಸ್‌ಬುಕ್ ಕೊಡಬೇಕು, ಅವನು ಕೇಳಲಿ ಬಿಡಲಿ. ಮೈಯಳತೆ ಕೊಟ್ಟವರಿಗೂ ಅದೇ ನ್ಯಾಯ ಅಂತ ನನಗನ್ನಿಸಿತು. ಎದ್ದುಹೋಗಿ "ಮಾವ್‌ಶಿಯದ್ದೂ ಬರೆದುಕೊಡಮ್ಮ, ಓದಿ ಹೇಳು" ಎಂದೆ. ಹುಡುಗಿ ಬೇಸರಿಸದೆ ಚೀಟಿಯಲ್ಲಿ ಬರೆದು ಓದಿದಳು: 148 ಸೆಂಟಿಮೀಟರ್, 39 ಕಿಲೋ.

ಆಕೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕುತ್ತ, ಇದು ಜಾಸ್ತಿಯೋ ಕಮ್ಮಿಯೋ ಎಂದಳು. ಕಮ್ಮಿ ಎಂದಳು ಹುಡುಗಿ.

"ಹಾಗಾದ್ರೆ ಏನು ತಿನ್ನಲಿ?"

ಹುಡುಗಿ ನನ್ನ ಮುಖ ನೋಡಿದಳು. ನಾನು ತೂಕದ ಯಂತ್ರದ ಕಡೆ ನೋಡಿದೆ.