ಕಂಡದ್ದೆಲ್ಲ ತಿಳಿದದ್ದೇ?

ಮಗುವಿಗೆ ಒಂದು ವಿಷಯವನ್ನು ಚೆನ್ನಾಗಿ ತೋರಿಸಿಬಿಟ್ಟರೆ ಅದನ್ನು ಕಲಿಸಿದಂತಾಯಿತೇ? ತರಗತಿಯೊಳಗೆ ದೃಶ್ಯ ತಂತ್ರಾಂಶಗಳು ಬಂದ ಮೇಲೆ ಇದು ಮೇಷ್ಟ್ರುಗಳ ಪ್ರಶ್ನೆಯಾಗಿ ಮಾತ್ರ ಉಳಿದಿಲ್ಲ. ಸಾಫ್ಟ್‌ವೇರ್ ನಂಬಿ ಹೊಟ್ಟೆ ಹೊರೆಯುವ ನನ್ನಂಥವರದ್ದೂ ಆಗಿದೆ.

ನಾನು ಈ ತಂತ್ರಾಂಶಗಳ ವಿರೋಧಿಯಲ್ಲ. ಜಿಯೋಜೀಬ್ರಾ 2001ರಲ್ಲಿ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ ಅವರ ಸ್ನಾತಕೋತ್ತರ ಪ್ರಬಂಧವಾಗಿ ಶುರುವಾದದ್ದು. ವಿಜ್ಞಾನದ ಫೆಟ್ ಸಿಮ್ಯುಲೇಶನ್‌ಗಳನ್ನು ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದರು. ಎರಡೂ ಕಲಿಕೆಯ ಮೇಲಿನ ಪ್ರೀತಿಯಿಂದ ಹುಟ್ಟಿದವು, ಎರಡೂ ತರಗತಿಗೆ ಉಚಿತವಾಗಿ ಸಿಗುತ್ತವೆ. ಹಾಗಾಗಿ ನನ್ನ ತಕರಾರು ಉಪಕರಣದ ಮೇಲಲ್ಲ, ಅದು ತೋರಿಸಿದ್ದನ್ನು ನಾವು ಏನೆಂದು ಕರೆಯುತ್ತೇವೆ ಎಂಬುದರ ಮೇಲೆ.

ಜಿಯೋಜೀಬ್ರಾದಲ್ಲಿ ಒಂದು ತ್ರಿಭುಜ ಬಿಡಿಸಿ ಅದರ ಒಂದು ಮೂಲೆ ಹಿಡಿದು ಎಳೆಯಿರಿ. ಮೂರು ಕೋನಗಳೂ ಕ್ಷಣಕ್ಷಣಕ್ಕೆ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ನೋಡಲು ಬಲು ಚಂದ. ಪುಣೆಯಲ್ಲಿ ನಾವು ಕೆಲವು ಸಹೋದ್ಯೋಗಿಗಳು ಭಾನುವಾರ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇವೆ. ಅವರಲ್ಲಿ ಯಾದಗಿರಿ, ಕಲಬುರಗಿ ಕಡೆಯ ಮಕ್ಕಳೂ ಇದ್ದಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಈ ತ್ರಿಭುಜವನ್ನು ಎಳೆದಾಡಿ ಖುಷಿಪಟ್ಟ ಒಬ್ಬ ಹುಡುಗನನ್ನು ಕೇಳಿದೆ: "ಯಾಕಪ್ಪಾ ಯಾವಾಗಲೂ 180 ಬರುತ್ತೆ?" ಅವನು ಒಂದಿಷ್ಟೂ ಅಳುಕದೆ ಹೇಳಿದ: "ಸ್ಕ್ರೀನ್ ಮ್ಯಾಲ ಹಂಗೇ ಬರ್ತದಲ್ರೀ ಸರ."

ನಮ್ಮ ನ್ಯಾಯದರ್ಶನದವರು ಅರಿವಿಗೆ ನಾಲ್ಕು ದಾರಿ ಹೇಳುತ್ತಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ದೃಶ್ಯ ತಂತ್ರಾಂಶ ಕೊಡುವುದು ಪ್ರತ್ಯಕ್ಷವನ್ನು ಎಂದು ನಾವು ತಿಳಿಯುತ್ತೇವೆ. ನಿಜವಾಗಿ ನೋಡಿದರೆ ಅದು ಶಬ್ದ, ಅಂದರೆ ನಂಬಿಗಸ್ಥರ ಮಾತು. ಪರದೆಯ ಮೇಲಿನ 180 ಯಾರೂ ಅಳೆದದ್ದಲ್ಲ. ಬಿಂದುಗಳ ನಿರ್ದೇಶಾಂಕಗಳಿಂದ ಪ್ರೋಗ್ರಾಂ ಲೆಕ್ಕ ಹಾಕಿದ್ದು. ಕೋನಮಾಪಕ ಇಟ್ಟು ಅಳೆದು 178 ಎಂದೋ 182 ಎಂದೋ ಬರೆದ ಹುಡುಗನದೇ ಅಪ್ಪಟ ಪ್ರತ್ಯಕ್ಷ. ಪರದೆ ನೋಡಿದವನು ಕಂಡೆನೆಂದುಕೊಂಡು ನಂಬಿದ್ದಾನೆ. ನಂಬುವುದು ತಪ್ಪಲ್ಲ. ಆದರೆ ನಂಬಿಕೆಗೆ ಅರಿವು ಎಂದು ಹೆಸರಿಟ್ಟು ಮಗುವಿನ ಕೈಗೆ ಕೊಡುವುದು ಪ್ರಾಮಾಣಿಕತೆಯ ಪ್ರಶ್ನೆ.

ಕಣ್ಣು ಮೋಸಹೋಗುವುದಕ್ಕೆ ಒಂದು ಹಳೆಯ ಒಗಟಿದೆ. 8×8 ಚೌಕವನ್ನು ನಾಲ್ಕು ತುಂಡು ಮಾಡಿ: 3 ಮತ್ತು 8 ಬಾಹುಗಳ ಎರಡು ಲಂಬಕೋನ ತ್ರಿಭುಜ, ಉಳಿದವು ಎರಡು ತ್ರಾಪಿಜ್ಯ. ಅವನ್ನೇ ಬೇರೆ ರೀತಿ ಜೋಡಿಸಿದರೆ 5×13ರ ಆಯತ! 64 ಇದ್ದದ್ದು 65 ಆಯಿತು. ಪರದೆಯ ಮೇಲೆ ತುಂಡುಗಳು ಸರಿದು ಕೂಡಿಕೊಳ್ಳುವುದನ್ನು ಕಂಡ ಮಗುವಿಗೆ ಅನುಮಾನವೇ ಬರುವುದಿಲ್ಲ. ಗುಟ್ಟು ಇರುವುದು ಕರ್ಣದಲ್ಲಿ. ಒಂದು ತುಂಡಿನ ಇಳಿಜಾರು 3/8, ಇನ್ನೊಂದರದು 2/5. ಎರಡೂ ಒಂದೇ ಸರಳರೇಖೆಯಲ್ಲಿ ಕೂರುವುದಿಲ್ಲ. ನಡುವೆ ಒಂದು ಚದರಮಾನದ ತೆಳ್ಳನೆಯ ಸೀಳು ಉಳಿದು ಗೆರೆಯ ದಪ್ಪದಲ್ಲಿ ಅಡಗಿಬಿಡುತ್ತದೆ. ಅದೇ ತಂತ್ರಾಂಶದಲ್ಲಿ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಸೀಳು ಬಾಯ್ದೆರೆಯುತ್ತದೆ. ಮೋಸ ಮಾಡಿದ್ದೂ ಅದೇ, ಮೋಸ ಬಯಲು ಮಾಡಿದ್ದೂ ಅದೇ. ವ್ಯತ್ಯಾಸವೆಲ್ಲ ಹಿಗ್ಗಿಸಿ ನೋಡಬೇಕು ಎಂದು ಯಾರಿಗಾದರೂ ಅನ್ನಿಸಿತೇ ಎಂಬುದರಲ್ಲಿದೆ. ಡೆಮೊ ಚೆನ್ನಾಗಿ ಓಡಿದ ಮಾತ್ರಕ್ಕೆ ಪ್ರಾಡಕ್ಟ್ ಸರಿಯಿದೆ ಎಂದು ನಮ್ಮ ವೃತ್ತಿಯಲ್ಲಿ ಯಾರೂ ಸಹಿ ಹಾಕುವುದಿಲ್ಲ. ಮಕ್ಕಳ ತಲೆಯ ವಿಷಯದಲ್ಲಿ ಮಾತ್ರ ಡೆಮೊಗೇ ಸಹಿ ಹಾಕುತ್ತಿದ್ದೇವೆ.

ಇದಕ್ಕೆ ಒಂದು ಗಟ್ಟಿಯಾದ ಎದುರುವಾದ ಇದೆ. ಚಿತ್ರಕ್ಕೆ ಭಾಷೆಯ ಹಂಗಿಲ್ಲ. ಅಪ್ಪ ಅಮ್ಮನ ಗಂಟುಮೂಟೆಯ ಜೊತೆ ಊರೂರು ತಿರುಗುವ ಮಗುವಿಗೆ ಪಾಠದ ಮಾತು ಅರ್ಥವಾಗದಿದ್ದರೂ ಚಿತ್ರ ಅರ್ಥವಾಗುತ್ತದೆ. ನಿಜ, ಮೂಲೆಯಲ್ಲಿ ಮುದುಡಿ ಕೂರುತ್ತಿದ್ದ ಮಕ್ಕಳು ಪರದೆಯ ಮುಂದೆ ಅರಳುವುದನ್ನು ನಾನೂ ನೋಡಿದ್ದೇನೆ. ಆದರೆ 'ಏನು' ಎಂಬುದನ್ನು ಚಿತ್ರ ಹೇಳಬಲ್ಲದು. 'ಯಾಕೆ' ಎಂಬುದಕ್ಕೆ ಮಾತೇ ಬೇಕು. ತ್ರಿಭುಜದ ತುದಿಯಲ್ಲಿ ಪಾದಕ್ಕೆ ಸಮಾನಾಂತರವಾಗಿ ಒಂದು ಗೆರೆ ಎಳೆದು, ಪರ್ಯಾಯ ಕೋನಗಳು ಸಮ, 'ಆದ್ದರಿಂದ' ಮೂರೂ ಸೇರಿ ಸರಳಕೋನ ಎನ್ನುವಾಗ ಕೆಲಸವೆಲ್ಲ ನಡೆಯುವುದು ಆ 'ಆದ್ದರಿಂದ'ದಲ್ಲಿ. ಉಳ್ಳವರ ಮಗುವಿಗೆ ಟ್ಯೂಷನ್ ಮೇಷ್ಟ್ರೋ ತಾಯಿಯೋ ಈ ಪದವನ್ನು ಹೇಗೋ ದಾಟಿಸುತ್ತಾರೆ. ಮಾತಿಲ್ಲದ ಮಗುವಿಗೆ ಚಿತ್ರವಷ್ಟೇ ಸಾಕೆಂದರೆ, ಅವನಿಗೆ ಫಲಿತಾಂಶ ಕೊಟ್ಟು ಕಾರಣವನ್ನು ನಾವೇ ಇಟ್ಟುಕೊಂಡಂತೆ. ಕಾರಣ ಕೇಳದೆ ಒಪ್ಪುವುದನ್ನು ಅವನ ಕುಟುಂಬಕ್ಕೆ ಮೇಸ್ತ್ರಿ, ಗುತ್ತಿಗೆದಾರರು ಈಗಾಗಲೇ ಬೇಕಾದಷ್ಟು ಕಲಿಸಿದ್ದಾರೆ.

ಹಾಗಾದರೆ ಮಾಡುವುದೇನು? ಪರದೆ ಆರಿಸಬೇಕಿಲ್ಲ, ಅದರ ಸರದಿ ಬದಲಿಸಿದರೆ ಸಾಕು. ತೋರಿಸುವ ಮುಂಚೆ ಏನಾಗಬಹುದು ಎಂದು ಮಗು ಊಹಿಸಲಿ, ಕೈಯಾರೆ ಅಳೆಯಲಿ. ತೋರಿಸಿದ ಮೇಲೆ ಯಾಕೆಂದು ತನ್ನ ಭಾಷೆಯಲ್ಲಿ ಹೇಳಲಿ, ತೊದಲಿದರೂ ಚಿಂತೆಯಿಲ್ಲ. ದಶಮಾಂಶದ ಎರಡು ಸ್ಥಾನಕ್ಕೆ ಸರಿಹೊಂದಿಸಿದ ಕೋನಗಳನ್ನು ಕೂಡಿದರೆ ಕೆಲವೊಮ್ಮೆ 179.99 ಬರುತ್ತದೆ. ಮಗು ಅದನ್ನು ಎತ್ತಿ ತೋರಿಸಿದರೆ "ಅದೇನಲ್ಲ ಬಿಡು" ಎಂದು ದಾಟಿಹೋಗಬಾರದು. ಆ 0.01ರ ಬಗ್ಗೆ ಜಗಳಕ್ಕೆ ನಿಲ್ಲುವ ಮಗು ತ್ರಿಭುಜಕ್ಕಿಂತ ದೊಡ್ಡದನ್ನು ಕಲಿಯುತ್ತಿದೆ. ಇದಕ್ಕೆ ಸಮಯ ಹಿಡಿಯುತ್ತದೆ, ಪಾಠ ಹಿಂದೆ ಬೀಳುತ್ತದೆ. ಬೀಳಲಿ.