ಸತ್ತವರ ಸುದ್ದಿಯೂ ಬದುಕಿರುವವರ ಮಾನವೂ



ವೃತ್ತಪತ್ರಿಕೆಗೆ ಎಷ್ಟು ಸ್ವಾತಂತ್ರ್ಯವಿರಬೇಕು, ಅದು ತಪ್ಪಿ ನಡೆದರೆ ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬ ಪ್ರಶ್ನೆಯು ಪಟ್ಟಣದ ವಿದ್ವಾಂಸರಿಗೆ ತಕ್ಕದ್ದು, ಹೊಲದಲ್ಲಿ ದುಡಿಯುವ ನಮಗೆ ಅದರಿಂದೇನು ಎಂದು ಕೆಲವರು ಹೇಳಾರು. ಆದರೆ 2015ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಈ ಪ್ರಶ್ನೆಯು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಹಳ್ಳಿಗೂ ಬಂದು ನಮ್ಮ ಜಗಲಿಗಳ ಮೇಲೆಯೇ ಕುಳಿತಿತು. ಅದನ್ನು ನಾವು ಇನ್ನೂ ಎಬ್ಬಿಸಿ ಕಳುಹಿಸಿಲ್ಲ.

ದಿವಂಗತ ಡಿ. ಕೆ. ರವಿಯವರು 2013ರ ಆಗಸ್ಟಿನಿಂದ 2014ರ ಅಕ್ಟೋಬರಿನ ವರೆಗೆ ಕೋಲಾರದ ಜಿಲ್ಲಾಧಿಕಾರಿಗಳಾಗಿದ್ದರು. ಒಂದು ವರುಷಕ್ಕೆ ತುಸು ಮೀರಿದ ಕಾಲವಷ್ಟೆ. ಆದರೂ ಕಂದಾಯ ಅದಾಲತ್ತುಗಳನ್ನು ನಡಿಸಿ ಬಡ ರೈತರ ಅಹವಾಲು ಕೇಳಿದರು. ಒತ್ತುವರಿಯಾದ ಸರಕಾರಿ ಭೂಮಿಯನ್ನು ಬಿಡಿಸುವದಕ್ಕೂ ಕಳ್ಳ ಮರಳಿನ ಸಾಗಾಣಿಕೆಯನ್ನು ತಡೆಯುವದಕ್ಕೂ ಕೈಹಾಕಿದರು. ಅವರಿಗೆ ವರ್ಗವಾದಾಗಲೇ ಜನರು ಬೀದಿಗಿಳಿದು ಬೇಡವೆಂದರು. ಬೆಂಗಳೂರಿನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯ ಅಧಿಕಾರಿಯಾಗಿದ್ದಾಗ, 2015ರ ಮಾರ್ಚಿ 16ನೆಯ ತಾರೀಖು ತಮ್ಮ ಮನೆಯಲ್ಲಿ ಮೃತರಾಗಿ ಕಂಡುಬಂದರು. ಪ್ರಾಯ 35. ಯಾವ ವಿಧವಾಗಿ ಸತ್ತರೆಂಬದನ್ನು ನಾವಿಲ್ಲಿ ಬರೆಯುವದಿಲ್ಲ. ಯಾಕೆ ಬರೆಯುವದಿಲ್ಲವೆಂಬದು ಮುಂದೆ ತಿಳಿಯುವದು.

ವಿಚಾರಣೆ ಇನ್ನೂ ಮೊದಲಾಗುವದಕ್ಕೆ ಮುಂಚೆಯೇ, ಮೇಲ್ನೋಟಕ್ಕೆ ಇದು ಆತ್ಮಹತ್ಯೆಯೆಂದು ಪೊಲೀಸಿನವರು ಹೇಳಿದರು. ನಮ್ಮ ಜನರಾದರೋ ಆ ಮಾತನ್ನು ಕೇಳಲೊಲ್ಲದೆ ಹೋದರು. ಕೋಲಾರದಲ್ಲಿ ಅಂಗಡಿಗಳು ಮುಚ್ಚಿದವು, ಜನರು ರಸ್ತೆಯಲ್ಲಿ ಕುಳಿತರು. ಬಲಿಷ್ಠರನ್ನು ಎದುರಿಸಿದ ಅಧಿಕಾರಿಯೊಬ್ಬನು ಹಠಾತ್ತಾಗಿ ಸತ್ತರೆ ಸಂಶಯ ಹುಟ್ಟುವದು ನ್ಯಾಯವೇ. ಆ ಸಂಶಯವನ್ನು ದೊಡ್ಡ ಅಕ್ಷರದಲ್ಲಿ ಅಚ್ಚುಹಾಕಿ ಸರಕಾರವನ್ನು ಪ್ರಶ್ನಿಸಿದ ಪತ್ರಿಕೆಗಳು ತಮ್ಮ ಕರ್ತವ್ಯವನ್ನೇ ಮಾಡಿದವೆಂದು ನಾವು ತಿಳಿಯುತ್ತೇವೆ. ಹೀಗೆ ಕೂಗದೆ ಇದ್ದಿದ್ದರೆ, ಮಾರ್ಚಿ 23ನೆಯ ತಾರೀಖು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವಿಚಾರಣೆಯನ್ನು ಸಿ.ಬಿ.ಐ.ಗೆ ಒಪ್ಪಿಸುವದಾಗಿ ಶಾಸನಸಭೆಯಲ್ಲಿ ಹೇಳುತ್ತಿದ್ದರೆಂದು ನಮಗೆ ತೋರುವದಿಲ್ಲ. ಆದಕಾರಣ ಪತ್ರಿಕೆಯ ಬಾಯಿ ಕಟ್ಟಬೇಕೆನ್ನುವವರು ಮೊದಲು ಈ ಲಾಭವನ್ನು ತಕ್ಕಡಿಯಲ್ಲಿಡಲಿ.

ಆದರೆ ಅದೇ ವಾರದಲ್ಲಿ ಬೇರೊಂದು ಕಾರ್ಯವೂ ನಡೆಯಿತು. ತನಿಖೆಯ ಕಡತದಲ್ಲಿ ಇರಬೇಕಾಗಿದ್ದ ಸಂಗತಿಗಳು ಯಾರೋ ಒಳಗಿನವರ ಕೈಯಿಂದ ಹೊರಗೆ ಜಾರಿದವು. ಒಬ್ಬ ಸ್ತ್ರೀಯ ಮಾತು ಪತ್ರಿಕೆಗಳಲ್ಲಿಯೂ ದೂರದರ್ಶನದ ವಾಹಿನಿಗಳಲ್ಲಿಯೂ ಬಂತು: ಇಷ್ಟು ಸಾರಿ ಫೋನು ಮಾಡಿದರಂತೆ, ಇಂಥ ಸಂದೇಶ ಹೋಯಿತಂತೆ. ಅಂತೆ ಎಂಬ ಪ್ರತ್ಯಯವು ನಮ್ಮ ಭಾಷೆಯಲ್ಲಿ ಎಷ್ಟು ಚಿಕ್ಕದು, ಅದರ ಬೆನ್ನ ಮೇಲೆ ಎಷ್ಟು ಹೊರೆ ಹೊರಿಸುತ್ತೇವೆ! ಆಕೆಯ ಮೇಲೆ ಯಾವ ನ್ಯಾಯಾಲಯದಲ್ಲಿಯೂ ಆಪಾದನೆ ಇರಲಿಲ್ಲ. ನೊಂದ ಕುಟುಂಬದವರು ಉಚ್ಚ ನ್ಯಾಯಾಲಯಕ್ಕೆ ಮೊರೆಹೋಗಲಾಗಿ, ಸಿ.ಐ.ಡಿ.ಯವರ ಮಧ್ಯಂತರ ವರದಿಯನ್ನು ಸರಕಾರವು ಬಹಿರಂಗಪಡಿಸಬಾರದೆಂದು ತಡೆಯಾಜ್ಞೆಯಾಯಿತು. ಅಷ್ಟರಲ್ಲಿ ಹೆಸರೂ ಚಿತ್ರವೂ ಊರೂರಿಗೆ ತಲಪಿದ್ದವು.

ಇಲ್ಲಿ ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. ಓದು ಬಾರದವರಿಗೆ ಸಾಯಂಕಾಲ ಪತ್ರಿಕೆಯನ್ನು ಓದಿ ಹೇಳುವದು ನಮ್ಮ ವಾಡಿಕೆ. ಆ ದಿನಗಳಲ್ಲಿ ಕೇಳುವವರು ಹೆಚ್ಚಾಗಿದ್ದರು. ಆ ಅಂಕಣಗಳನ್ನು ನಾವು ಬಿಡದೆ ಓದಿದೆವು, ಮತ್ತೊಮ್ಮೆ ಓದಿರಿ ಅಂದಾಗ ಮತ್ತೊಮ್ಮೆಯೂ ಓದಿದೆವು. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂದು ಮಕ್ಕಳಿಗೆ ಕಲಿಸುವ ಬಾಯಿಯೇ ಅದು. ಸುಳ್ಳೆಂದು ತಿಳಿದು ಹೇಳಲಿಲ್ಲ, ನಿಜ. ನಿಜವೋ ಎಂದು ವಿಚಾರಿಸಲೂ ಇಲ್ಲ.

ಅಧಿಕಾರಸ್ಥರನ್ನು ಪ್ರಶ್ನಿಸುವ ಸ್ವಾತಂತ್ರ್ಯವೂ ಪರರ ಮನೆಯ ಬಾಗಿಲನ್ನು ಒಡೆಯುವ ಸ್ವಾತಂತ್ರ್ಯವೂ ಒಂದೇಯೋ? ಎರಡಕ್ಕೂ ಅದೇ ಶಾಯಿ, ಅದೇ ಕಾಗದ; ಹೊರಗಿನಿಂದ ನೋಡಿದರೆ ಭೇದ ಕಾಣುವದಿಲ್ಲ. ಸರಕಾರವು ತನ್ನ ಮೇಲಣ ಪ್ರಶ್ನೆಗೆ ಉತ್ತರ ಕೊಡಲು ಬದ್ಧವಾಗಿದೆ, ಕೊಡುವದಕ್ಕೆ ಅದಕ್ಕೆ ಸಾವಿರ ಬಾಯಿಗಳೂ ಇವೆ. ಒಬ್ಬ ಸ್ತ್ರೀಗಾದರೋ ತನ್ನ ಮಾನಕ್ಕಾಗಿ ನ್ಯಾಯಾಲಯದ ಮೆಟ್ಟಲು ಹತ್ತುವದೊಂದೇ ದಾರಿ. ಆ ಮೆಟ್ಟಲುಗಳು ಬಹಳ, ಖರ್ಚೂ ಬಹಳ. ನಮ್ಮ ಸಂವಿಧಾನದ 19ನೆಯ ಅನುಚ್ಛೇದವು ಮಾತಿನ ಹಕ್ಕನ್ನು ಕೊಟ್ಟು, ಮಾನಹಾನಿ ಮುಂತಾದವುಗಳಿಗೋಸ್ಕರ ಯುಕ್ತವಾದ ಮಿತಿಯನ್ನೂ ಇಟ್ಟಿದೆ. ಮಿತಿಯಿದೆಯೆಂಬದರಲ್ಲಿ ವಿವಾದವಿಲ್ಲ. ಅದನ್ನು ಕಾಯುವವನು ಯಾರು ಎಂಬಲ್ಲಿಯೇ ಕಷ್ಟ.

ಸರಕಾರವೇ ಕಾಯಲಿ ಅನ್ನೋಣವೇ? ನಮ್ಮ ಹಳೆಯ ಮೈಸೂರು ಸೀಮೆಯು ಅದನ್ನು ಅನುಭವಿಸಿ ನೋಡಿದೆ. 1908ರಲ್ಲಿ ಆದ ವೃತ್ತಪತ್ರಿಕೆಗಳ ಕಾನೂನಿನ ಪ್ರಕಾರ ಸರಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ನಡಿಸಕೂಡದೆಂದಾಯಿತು. ಹಲವು ಪತ್ರಿಕೆಗಳು ನಿಂತುಹೋದವು. ಆ ಕಾಲದಲ್ಲಿ ಪತ್ರಿಕೆಯ ಕೆಲಸದಲ್ಲಿ ಬೆಳೆದವರೊಬ್ಬರು ನಮ್ಮ ಮುಳಬಾಗಿಲಿನಲ್ಲಿಯೇ 1887ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು. ಅವರನ್ನು ಜನರು ಕವಿಯೆಂದು ಮಾತ್ರ ಬಲ್ಲರು. ವೃತ್ತಪತ್ರಿಕೆ ಎಂಬ ಹೆಸರಿನಲ್ಲಿಯೇ ಒಂದು ಪುಸ್ತಕ ಬರೆದ ಪತ್ರಕರ್ತರೆಂಬದನ್ನು ಅವರ ಊರಿನವರೂ ಅನೇಕರು ಮರೆತಿದ್ದಾರೆ. ಕನ್ನಡದ ಮೊದಲನೆಯ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದವರು ಬಾಸೆಲ್ ಮಿಶನ್ನಿನ ಮೋಗ್ಲಿಂಗರು. ಅಂದರೆ ಈ ಹೊಣೆ ನಮಗೂ ಹಳೆಯದು.

ಸರಕಾರಕ್ಕೂ ಪತ್ರಿಕೆಗೂ ಮಧ್ಯದಲ್ಲಿ ನಿಲ್ಲಲೆಂದು 1966ರಲ್ಲಿ ಪತ್ರಿಕಾ ಮಂಡಲಿಯು ಸ್ಥಾಪಿಸಲ್ಪಟ್ಟಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಅದನ್ನೇ ತೆಗೆದುಹಾಕಿದರು. 1978ರ ಕಾನೂನಿನಿಂದ ಮತ್ತೆ ಎದ್ದಿತು. ಅದು ದೂರನ್ನು ವಿಚಾರಿಸಿ ಎಚ್ಚರಿಸಬಹುದು, ಗದರಿಸಬಹುದು, ಖಂಡಿಸಬಹುದು. ದಂಡ ಹಾಕಲಾರದು, ದೂರದರ್ಶನದ ವಾಹಿನಿಗಳ ಮೇಲೆ ಅದಕ್ಕೆ ಅಧಿಕಾರವೂ ಇಲ್ಲ. ಹಲ್ಲಿಲ್ಲದ ನಾಯಿಯೆಂದು ನಗುವವರಿದ್ದಾರೆ. ನಾವು ನಗುವದಿಲ್ಲ, ಹಲ್ಲು ಕೊಟ್ಟರೆ ಹಗ್ಗ ಯಾರ ಕೈಯಲ್ಲಿ ಎಂದು ಕೇಳುತ್ತೇವೆ. 2019ರಲ್ಲಿ ಅದೇ ಮಂಡಲಿಯು ಆತ್ಮಹತ್ಯೆಯ ಸುದ್ದಿಯನ್ನು ಎದ್ದು ಕಾಣುವಂತೆ ಹಾಕಬಾರದು, ವಿಧಾನವನ್ನು ವಿವರಿಸಬಾರದು, ತಲೆಬರಹದಲ್ಲಿ ಉದ್ರೇಕಿಸಬಾರದು, ಚಿತ್ರ ಹಾಕಬಾರದು ಎಂದು ಸೂತ್ರಗಳನ್ನು ಒಪ್ಪಿಕೊಂಡಿತು. ಯಾಕಂದರೆ ಬಳಲಿದ ಮನಸ್ಸಿನವನು ಅಂಥ ವಿವರವನ್ನು ಓದಿ ಅದೇ ದಾರಿ ಹಿಡಿಯುವದುಂಟೆಂದು ವೈದ್ಯರು ಕಂಡಿದ್ದಾರೆ. ಮೇಲೆ ನಾವು ಬಿಟ್ಟ ಮಾತು ಇದೇ ಕಾರಣದಿಂದ. ಬೆಳೆ ಹೋಗಿ ಸಾಲ ಉಳಿದ ಮನೆಗಳು ನಮ್ಮ ತಾಲ್ಲೂಕುಗಳಲ್ಲಿ ಸ್ವಲ್ಪವಲ್ಲ.

ನಮ್ಮ ಮಟ್ಟಿಗೆ ಹೇಳುವದಾದರೆ, ಪತ್ರಿಕೆಯು ಒಬ್ಬನ ಮಾನವನ್ನು ಮೊದಲನೆಯ ಪುಟದಲ್ಲಿ ಕಳೆದರೆ ಅದನ್ನು ಮೊದಲನೆಯ ಪುಟದಲ್ಲಿಯೇ, ಅಷ್ಟೇ ದಪ್ಪ ಅಕ್ಷರದಲ್ಲಿ ಹಿಂದಕ್ಕೆ ಕೊಡಬೇಕು. ಇದಕ್ಕೆ ಸರಕಾರದ ಅಪ್ಪಣೆ ಬೇಕಿಲ್ಲ. ಕಡತವನ್ನು ಹೊರಗೆ ಬಿಟ್ಟ ಅಧಿಕಾರಿಗಳನ್ನೂ ವಿಚಾರಿಸಬೇಕು. ಕಳ್ಳಮಾಲನ್ನು ಕೊಂಡವನನ್ನು ಮಾತ್ರ ಹಿಡಿದು ಮಾರಿದವನನ್ನು ಬಿಡುವದು ಎಂಥ ನ್ಯಾಯ?

ಸಿ.ಬಿ.ಐ.ಯವರು ಒಂದು ವರುಷಕ್ಕೂ ಮೀರಿ ವಿಚಾರಿಸಿ, ಅದು ಆತ್ಮಹತ್ಯೆಯೇ, ಪರರ ಕೈ ಅದರಲ್ಲಿ ಕಾಣುವದಿಲ್ಲ ಎಂದು ತೀರ್ಮಾನಕ್ಕೆ ಬಂದರು. ಇದನ್ನು ನಂಬದವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಅವರನ್ನು ಮೂಢರೆಂದು ನಾವು ಅನ್ನಲಾರೆವು. ಪ್ರೀತಿಸಿದವರ ದುಃಖವು ಒಬ್ಬ ಅಪರಾಧಿಯನ್ನು ಹುಡುಕುವದು ಸಹಜವೇ.

ಕಳೆದ ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಕಡೆ ಒಂದು ತೋಟದ ಕಾವಲುಗಾರನ ಗುಡಿಸಲಿಗೆ ಹೋಗಿದ್ದೆವು. ಒಳಗೋಡೆಗೆ ಅಂಟಿಸಿದ್ದ ಪತ್ರಿಕೆಯಲ್ಲಿ ರವಿಯವರ ಚಿತ್ರ ಹಳದಿಯಾಗಿತ್ತು. ಮುದುಕನಿಗೆ ಓದು ಬಾರದು. ವಿಚಾರಣೆ ಹೀಗೆ ಮುಗಿಯಿತೆಂದು ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದನು. ಆ ಮೇಲೆ, "ಅಯ್ಯನವರೇ, ಆಗ ಒಬ್ಬ ಹೆಣ್ಣುಮಗಳ ಮಾತು ಓದಿ ಹೇಳಿದ್ದಿರಲ್ಲ. ಆಕೆಯ ಮೇಲೆ ತಪ್ಪಿಲ್ಲವೆಂದು ಆಮೇಲೆ ಯಾರಾದರೂ ಓದಿ ಹೇಳಿದರೋ?" ಎಂದು ಕೇಳಿದನು.

ನಾವಂತೂ ಹೇಳಿರಲಿಲ್ಲ.