ಹೊಳೆ ದಾಟಿದ ಮೇಲೆ

‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಉಪಕಾರ ಮರೆತವರನ್ನು ಹಳಿಯುವುದಕ್ಕೆ ಬಳಸುತ್ತೇವೆ. ಆದರೆ ಗಾದೆ ಕೇಳುವ ಪ್ರಶ್ನೆ ಅಷ್ಟು ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ. ಹೊಳೆ ದಾಟಿದ್ದಾಯಿತು, ಕೂಲಿಯನ್ನೂ ಕೊಟ್ಟದ್ದಾಯಿತು, ಇನ್ನೂ ಹಂಗೇಕೆ? ನಮ್ಮನ್ನು ಹೊತ್ತು ದಡ ಸೇರಿಸಿದ ವಸ್ತುವಿಗೆ, ನಮ್ಮ ಕೆಲಸ ತೀರಿದ ಮೇಲೆ, ನಾವು ಸಲ್ಲಿಸಬೇಕಾದದ್ದು ಏನಾದರೂ ಉಂಟೆ? ಈ ಪ್ರಶ್ನೆಯನ್ನು ವಿಚಾರ ಮಾಡುವುದಕ್ಕೆ ದೊಡ್ಡ ಗ್ರಂಥಗಳೇ ಬೇಕೆಂದಿಲ್ಲ. ಬೇಸಗೆಯ ರಜೆಯಲ್ಲಿ ಒಂದು ಈಜುಕೊಳದ ಕಟ್ಟೆಯ ಮೇಲೆ ಅರ್ಧ ಗಂಟೆ ಕುಳಿತರೂ ಸಾಕು.

ಬೆಂಗಳೂರಿಗೆ ಈಜಿನ ಹುಚ್ಚು ಹೊಸದಲ್ಲ. ಮಲ್ಲೇಶ್ವರದಲ್ಲಿ ಈಜುಕೊಳದ ಹೆಸರನ್ನೇ ಹೊತ್ತ ಬಡಾವಣೆಯುಂಟು. 2000ರಲ್ಲಿ ಸಿಡ್ನಿಯ ಒಲಿಂಪಿಕ್ಸಿನಲ್ಲಿ ಈಜಿದ ನಿಶಾ ಮಿಲೆಟ್, 2004ರಲ್ಲಿ ಅಥೆನ್ಸಿನಲ್ಲಿ ಈಜಿದ ಶಿಖಾ ಟಂಡನ್, ಇಬ್ಬರೂ ಈ ಊರಿನ ಕೊಳಗಳಲ್ಲಿ ಪಳಗಿದವರು. ಆದರೆ ಏಪ್ರಿಲ್ ತಿಂಗಳಲ್ಲಿ ತಾಯ್ತಂದೆಯರ ಕೈಹಿಡಿದು ಕೊಳಕ್ಕೆ ಬರುವ ಮಕ್ಕಳೆಲ್ಲ ಒಲಿಂಪಿಕ್ಸಿಗೆ ಹೋಗುವವರಲ್ಲ, ಹೋಗಬೇಕಾಗಿಯೂ ಇಲ್ಲ. ನೀರಿಗೆ ಬಿದ್ದರೆ ಮುಳುಗದಿದ್ದರೆ ಸಾಕು ಎಂಬುದೇ ಹೆತ್ತವರ ಆಸೆ. ಆ ಮಕ್ಕಳು ಮೊದಲ ದಿನ ಕಟ್ಟೆ ಹಿಡಿದು ಕಾಲು ಬಡಿಯುತ್ತಾರೆ. ಮುಖವನ್ನು ನೀರಿನೊಳಗಿಟ್ಟು ಉಸಿರು ಬಿಡುವುದನ್ನು ಕಲಿಯುತ್ತಾರೆ. ಆಮೇಲೆ ತೇಲುವ ಹಲಗೆಯೊಂದನ್ನು ಎದೆಗವಚಿಕೊಂಡು ಕೊಳದ ನಡುವಿಗೆ ಹೋಗುತ್ತಾರೆ. ಆ ಹೊತ್ತಿನಲ್ಲಿ ಆ ಹಲಗೆಯೇ ಅವರಿಗೆ ತಾಯಿ, ತಂದೆ, ದೇವರು.

ಹಿಂದೆ ಈ ಸ್ಥಾನದಲ್ಲಿದ್ದದ್ದು ಒಣಗಿದ ಸೋರೆ ಬುರುಡೆ. ಹಳ್ಳಿಯ ತೋಟದ ಬಾವಿಯಲ್ಲಿ ಹುಡುಗರ ಸೊಂಟಕ್ಕೆ ಬುರುಡೆ ಕಟ್ಟಿ ನೀರಿಗೆ ದೂಡುತ್ತಿದ್ದರು. ಬುರುಡೆಯಲ್ಲಿ ಕೂದಲೆಳೆಯಷ್ಟು ಒಡಕು ಬಿಟ್ಟರೂ ಅದು ನೀರು ಕುಡಿದು ಹುಡುಗನೊಡನೆ ತಾನೂ ಮುಳುಗುವುದು. ಆದದ್ದರಿಂದ ಅದನ್ನು ಒದ್ದೆಯಾಗಿ ಬಿಸಾಡುವಂತಿರಲಿಲ್ಲ. ಒರೆಸಿ, ಗಾಳಿಯಾಡುವ ಕಡೆ ತೂಗುಹಾಕಬೇಕಾಗಿತ್ತು. ಹೊಳೆಯ ಹರಿಗೋಲಿನ ಕಥೆಯೂ ಅದೇ. ಬಿದಿರಿನ ಹೆಣಿಗೆಗೆ ತೊಗಲು ಹೊದಿಸುತ್ತಿದ್ದ ಕಾಲ ಹೋಗಿ ಟಾರು ಬಳಿದ ಪ್ಲಾಸ್ಟಿಕ್ ಬಂದಿದ್ದರೂ, ಅಂಬಿಗನು ಕೆಲಸ ಮುಗಿದ ಮೇಲೆ ಅದನ್ನು ದಡಕ್ಕೆಳೆದು ಬೋರಲು ಹಾಕಿ ಒಣಗಿಸುವುದನ್ನು ಬಿಟ್ಟಿಲ್ಲ.

ಇನ್ನು ನಮ್ಮ ಪ್ರಶ್ನೆ. ಈಜು ಕಲಿಯುವುದೆಂದರೆ ಬುರುಡೆಯ ಹಂಗು ಕಳೆದುಕೊಳ್ಳುವುದು. ವರ್ಷವಾದರೂ ಹಲಗೆ ಬಿಡಲೊಲ್ಲದ ಹುಡುಗನನ್ನು ಯಾರೂ ಕೃತಜ್ಞನೆಂದು ಹೊಗಳುವುದಿಲ್ಲ, ಪುಕ್ಕಲನೆನ್ನುತ್ತಾರೆ. ಗಾದೆಯ ಪರವಾಗಿ ಬಹಳ ದೊಡ್ಡವರೊಬ್ಬರ ಸಾಕ್ಷಿಯೂ ಇದೆ. ಪಾಲಿ ಭಾಷೆಯ ಮಜ್ಝಿಮನಿಕಾಯದಲ್ಲಿ ಬುದ್ಧನು ಹೇಳಿದ ತೆಪ್ಪದ ದೃಷ್ಟಾಂತ ಹಲವರಿಗೆ ಗೊತ್ತಿರಬಹುದು. ಒಬ್ಬನು ಹುಲ್ಲು ಕಡ್ಡಿ ರೆಂಬೆಗಳನ್ನು ಕೂಡಿಸಿ ತೆಪ್ಪ ಕಟ್ಟಿ, ಕೈಕಾಲು ಆಡಿಸಿ ಆಚೆ ದಡ ಸೇರಿದ. ಉಪಕಾರ ಮಾಡಿದ ತೆಪ್ಪವೆಂದು ಅದನ್ನು ತಲೆಯ ಮೇಲೆ ಹೊತ್ತುಕೊಂಡು ನಡೆದರೆ ಅವನು ಮಾಡಿದ್ದು ಸರಿಯೆ? ಅಲ್ಲ ಎಂಬುದೇ ಉತ್ತರ. ಧರ್ಮವೂ ದಾಟುವುದಕ್ಕಾಗಿ, ಹಿಡಿದುಕೊಂಡಿರುವುದಕ್ಕಾಗಿ ಅಲ್ಲವೆಂದು ಅಲ್ಲಿಯ ಅಭಿಪ್ರಾಯ.

ಒಪ್ಪತಕ್ಕ ಮಾತೇ. ಆದರೆ ಆ ದೃಷ್ಟಾಂತದಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಆ ತೆಪ್ಪ ಅವನೇ ಕಟ್ಟಿಕೊಂಡದ್ದು. ಅದರ ಮೇಲೆ ಇನ್ನೊಬ್ಬರ ಹಕ್ಕಿಲ್ಲ. ಎರಡನೆಯದಾಗಿ, ಆಗಲೂ ಬುದ್ಧನು ಸೂಚಿಸುವ ದಾರಿಗಳಲ್ಲಿ ಒಂದು, ತೆಪ್ಪವನ್ನು ಒಣನೆಲಕ್ಕೆ ಎಳೆದಿಟ್ಟು ಹೋಗುವುದು. ಹೊತ್ತು ತಿರುಗುವುದಕ್ಕೂ ಬಿಸಾಡುವುದಕ್ಕೂ ನಡುವೆ ಹೀಗೊಂದು ಮಾರ್ಗವಿದೆ. ನನ್ನ ಮಾತೆಲ್ಲ ಆ ನಡುವಿನ ಮಾರ್ಗವನ್ನು ಕುರಿತದ್ದು.

ಈಜಿನ ಗಂಟೆ ಮುಗಿದಾಗ ಕೊಳದ ಕಟ್ಟೆಯನ್ನು ನೋಡಿ. ಹಲಗೆಗಳು ಬಿದ್ದಲ್ಲಿ ಬಿದ್ದಿರುತ್ತವೆ. ಈಜುಡುಗೆ ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲ ಸೇರುತ್ತದೆ. ಮಾರನೆಯ ದಿನದವರೆಗೆ ಕ್ಲೋರಿನ್ ಅದರ ಹಿಗ್ಗುವ ನೂಲನ್ನು ಮೆಲ್ಲಮೆಲ್ಲಗೆ ತಿನ್ನುತ್ತಿರುತ್ತದೆ. ಕನ್ನಡಕದ ಒಳಮೈಯನ್ನು ಬೆರಳಿನಿಂದ ಉಜ್ಜಿ, ಮಂಜು ಕಟ್ಟದಂತೆ ಬಳಿದ ಲೇಪವನ್ನು ಅಳಿಸಿಬಿಡುತ್ತಾರೆ. ದೋಣಿವಿಹಾರದಿಂದ ಬಂದವರು ಲೈಫ್ ಜಾಕೆಟ್ಟನ್ನು ಬಿಚ್ಚಿ ಅದರ ಮೇಲೆಯೇ ಕುಳಿತು ಚುರುಮುರಿ ತಿನ್ನುತ್ತಾರೆ. ಒಳಗಿನ ಬೆಂಡು ಪದೇ ಪದೇ ಅದುಮಿದರೆ ತೇಲುವ ಶಕ್ತಿ ಕಡಮೆಯಾಗುವುದೆಂಬುದು ಅವರಿಗೆ ಹೊಳೆಯುವುದಿಲ್ಲ. ಇದಕ್ಕೆ ಬೇಕಾದ ಉಪಚಾರ ಬಹು ಸುಲಭ: ಸಿಹಿನೀರಿನಲ್ಲಿ ಜಾಲಿಸುವುದು, ನೆರಳಿನಲ್ಲಿ ಹರವುವುದು, ಪೂರ್ತಿ ಒಣಗಿದ ಮೇಲೆ ಮಡಿಸುವುದು, ಪಟ್ಟಿ ಹೊಲಿಗೆಗಳನ್ನು ಒಮ್ಮೆ ಎಳೆದು ನೋಡುವುದು. ಐದೇ ನಿಮಿಷದ ಕೆಲಸ. ಕಷ್ಟವೆಲ್ಲ ಆ ಐದು ನಿಮಿಷ ಬರುವ ಹೊತ್ತಿನದು. ಮೈ ದಣಿದಿದೆ, ಹೊಟ್ಟೆ ಹಸಿದಿದೆ, ಸುಖ ಮುಗಿದಿದೆ. ವಸ್ತುವಿನಿಂದ ಆಗಬೇಕಾದ್ದು ಏನೂ ಉಳಿದಿಲ್ಲ. ಹೊಳೆ ದಾಟಿದ ಮೇಲಿನ ಹೊತ್ತೆಂದರೆ ಇದೇ.

ನನ್ನ ವಸ್ತು ಹಾಳಾದರೆ ನನಗೇ ನಷ್ಟ. ಅದು ಬರೀ ಲೆಕ್ಕಾಚಾರದ ಮಾತು. ಆದರೆ ಕೊಳದ ಹಲಗೆ, ದೋಣಿಯ ಜಾಕೆಟ್ಟು, ದಡದ ಹಗ್ಗ ಇವು ನನ್ನವಲ್ಲ. ನಾನು ಬಿಸಾಡಿದ ಜಾಕೆಟ್ಟನ್ನು ನಾಳೆ ತೊಡುವವನು ನಾನು ಕಾಣದ ಯಾರೋ. ಅದರ ಪಟ್ಟಿ ಕೊಳೆತಿದೆಯೆಂದು ಅವನಿಗೆ ತಿಳಿಯುವುದು ನೀರಿಗೆ ಬಿದ್ದ ಮೇಲೆ. ವಿಚಾರ ಮಾಡಿದರೆ, ನೀರಿಗಿಳಿಯುವ ಪ್ರತಿಯೊಬ್ಬನೂ ತನಗಿಂತ ಮೊದಲು ಬಂದುಹೋದವನ ಕೈಯನ್ನು ನಂಬಿ ಇಳಿಯುತ್ತಾನೆ. ನಾವು ಮುಳುಗದೆ ಬಂದೆವೆಂದರೆ, ಮುಖ ಕಾಣದ ಯಾರೋ ಒಬ್ಬರು ನಿನ್ನೆ ಐದು ನಿಮಿಷ ಹೆಚ್ಚಾಗಿ ನಿಂತಿದ್ದರೆಂದೇ ಅರ್ಥ.

ಹಂಗು ಬೇರೆ, ಋಣ ಬೇರೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಹಂಗು ಮನುಷ್ಯನನ್ನು ಬಗ್ಗಿಸುತ್ತದೆ. ಅದನ್ನು ಕಳೆದುಕೊಳ್ಳುವುದೇ ಕಲಿಕೆ. ಋಣ ಹಾಗಲ್ಲ. ಅದನ್ನು ಹೊತ್ತವನ ಬೆನ್ನು ಬಾಗಬೇಕಾಗಿಲ್ಲ. ಬುರುಡೆಗೆ ನಮ್ಮ ಕೃತಜ್ಞತೆಯಿಂದ ಆಗಬೇಕಾದ್ದೇನೂ ಇಲ್ಲ. ಆದ್ದರಿಂದ ಅದರ ಋಣವನ್ನು ಅದಕ್ಕೇ ತೀರಿಸಲಾಗದು. ಅದನ್ನು ಕಟ್ಟಿಕೊಳ್ಳಲಿರುವ ಮುಂದಿನ ಮಗುವಿಗೆ ತೀರಿಸಬೇಕು. ಪಿತೃಋಣವನ್ನು ಮಕ್ಕಳನ್ನು ಸಾಕಿ ತೀರಿಸುವುದೆಂದು ನಮ್ಮ ಹಿರಿಯರು ಹೇಳಿದ್ದರಲ್ಲಿಯೂ ಇದೇ ವಿವೇಕವಿದೆ.

‘ನಾವು ಆಯುಧಪೂಜೆ ಮಾಡುವ ಜನ, ನಮಗೇ ಈ ಉಪದೇಶವೆ?’ ಎಂದು ಯಾರಾದರೂ ಕೇಳಬಹುದು. ನಿಜ. ಭಕ್ತಿಗೆ ನಮ್ಮಲ್ಲಿ ಕೊರತೆಯಿಲ್ಲ. ಕುಂಕುಮ ಹಚ್ಚುವ ಕೈ ಇದೆ. ಹಿಂಡಿ ಒಣಹಾಕುವ ಕೈ ಕಡಮೆ. ವರ್ಷಕ್ಕೊಮ್ಮೆ ಕೈಮುಗಿಯುವುದು ಋಣವನ್ನು ನೆನೆಯುವ ಬಗೆ. ದಿನವೂ ಒರೆಸಿಡುವುದು ತೀರಿಸುವ ಬಗೆ.

ಈ ಮಾತು ಒಬ್ಬೊಬ್ಬರಿಗೆ ಹೇಗೋ ಊರಿಗೂ ಹಾಗೆಯೇ ಸಲ್ಲುತ್ತದೆ. ಶತಮಾನಗಳ ಕಾಲ ಬೆಂಗಳೂರನ್ನು ತೇಲಿಸಿದ ಬುರುಡೆಗಳೆಂದರೆ ಅದರ ಕೆರೆಗಳು. 1896ರಲ್ಲಿ ಹೆಸರಘಟ್ಟದ ನೀರು ಬಂತು; 1933ರಲ್ಲಿ ತಿಪ್ಪಗೊಂಡನಹಳ್ಳಿಯದು; 1974ರಲ್ಲಿ ಸುಮಾರು 100 ಕಿಲೋಮೀಟರು ದೂರದ ಕಾವೇರಿಯೇ ಬಂದಳು. ಊರು ಹೊಳೆ ದಾಟಿತು. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವೆದ್ದು, ಕರಗದ ವಿಧಿಗಳಿಗೆಂದು ಒಂದು ಪುಟ್ಟ ಕೊಳ ಮಾತ್ರ ಉಳಿಯಿತು. ಗವಿಪುರದ ಪಕ್ಕದ ಕೆಂಪಾಂಬುಧಿ ಉಳಿದರೂ ಕೊಳಚೆ ಕುಡಿಯಬೇಕಾಯಿತು. ಮಲ್ಲೇಶ್ವರದ ನಂದಿತೀರ್ಥದ ಕಲ್ಯಾಣಿಯಂತೂ ಮಣ್ಣಿನಡಿ ಮರೆತೇಹೋಗಿದ್ದು, 1997ರಲ್ಲಿ ಅಗೆದಾಗ ಮತ್ತೆ ಕಣ್ಣಿಗೆ ಬಿತ್ತು.

ಬೆಳೆಯುವ ಊರಿಗೆ ಬಸ್ ನಿಲ್ದಾಣವೂ ಬೇಕು, ಕ್ರೀಡಾಂಗಣವೂ ಬೇಕು. ಎಲ್ಲ ಕೆರೆಗಳನ್ನೂ ತಲೆಯ ಮೇಲೆ ಹೊತ್ತು ನಡೆಯುವುದು ಆಗದೆ ಇರಬಹುದು. ಆದರೆ ಉಳಿದವನ್ನಾದರೂ ದಡಕ್ಕೆಳೆದು ಒಣನೆಲದಲ್ಲಿಡುವಷ್ಟು ಕೆಲಸ ನಮ್ಮದಲ್ಲವೆ? 1882ರ ಸ್ಯಾಂಕಿ ಕೆರೆಯ ದಂಡೆಯಲ್ಲಿ ಬೆಳಗಿನ ನಡಿಗೆಗೆ ಬರುವ ನಾವು ಅದರ ನೀರನ್ನು ಕುಡಿಯುವುದಿಲ್ಲ. ಅದರ ಹಂಗು ನಮಗಿಲ್ಲ. ಹಂಗಿಲ್ಲದೆ ಮಾಡುವ ಆರೈಕೆಯೇ ನಿಜವಾದ ಆರೈಕೆ.

ಮಕ್ಕಳಿಗೆ ಈಜು ಕಲಿಸುವ ಹಿರಿಯರು ಮೊದಲನೆಯ ದಿನ ನೀರನ್ನು ನಂಬುವುದನ್ನು ಕಲಿಸಲಿ. ಅದೇ ದಿನ, ಮನೆಗೆ ಹೊರಡುವ ಮುಂಚೆ, ಹಲಗೆಯನ್ನು ತೊಳೆದು ಗೂಡಿನಲ್ಲಿಡುವುದನ್ನೂ ಕಲಿಸಲಿ. ಮೊದಲನೆಯದರಿಂದ ಮಗು ಮುಳುಗುವುದಿಲ್ಲ. ಎರಡನೆಯದರಿಂದ ಇನ್ನೊಂದು ಮಗು ಮುಳುಗುವುದಿಲ್ಲ.